ನಿಮ್ಮ ‘ಅಲೋರ್ ನುಡಿಗಳು’ ಲೇಖನದ ಬಗ್ಗೆ

ನಮಸ್ಕಾರ.

ಇಂಡೋನೇಷ್ಯಾದ ಅಲೋರ್, ಪಂತಾರ್ ದ್ವೀಪಗಳ ಪಪುವನ್ ನುಡಿಗಳು (ಮಲಯ ಮೊದಲಾದವು ಸೇರುವ ಆಸ್ಟ್ರೋನೇಷಿಯನ್ ಕುಟುಂಬದಾಚೆಗಿನ, ನ್ಯೂಗಿನಿ ಸುತ್ತಲಿನ ನುಡಿಗಳು) ಯಾವ ಕುಟುಂಬದವು ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಮೊದಲ ಮೂರು ಪುಟ ಬರೀ ದ್ವೀಪವರ್ಣನೆ. ಮುಲಾಜಿಲ್ಲದೆ ತೆಗೆಯಿರಿ.

ನಿಜವಾದ ತೊಡಕು ನಾಲ್ಕನೇ ಪುಟದಲ್ಲಿದೆ. ಅಲೋರಿನ ಅಬುಯಿ ನುಡಿಯಲ್ಲೂ ‘ನಾನು’ ಅನ್ನುವುದಕ್ಕೆ ‘ನಾ’ ಅಂತಾರೆ, ಆದ್ದರಿಂದ ದ್ರಾವಿಡ ನಂಟು ಇರಬಹುದು ಎಂದಿದ್ದೀರಿ. ಇಂಥ ಸಾಲು ವಾಟ್ಸಾಪಿನಲ್ಲಿ ಚೆನ್ನಾಗಿ ಓಡುತ್ತದೆ, ಅಷ್ಟೇ. ಒಂದಕ್ಷರದ ಪದಗಳು ಎಲ್ಲಿಂದೆಲ್ಲಿಗೋ ತಾಳೆಯಾಗುತ್ತವೆ. ನ್ಯೂಗಿನಿ ದ್ವೀಪದ ದೊಡ್ಡ ಕುಟುಂಬವಾದ ಟ್ರಾನ್ಸ್-ನ್ಯೂಗಿನಿ ನುಡಿಗಳಲ್ಲೂ ‘ನಾ’ ಇದೆ. ಆದರೆ ಅಲ್ಲಿ ‘ನೀನು’ ಆಗಿರುವ ‘ಗ’ ಅಲೋರ್-ಪಂತಾರ್ ನುಡಿಗಳಲ್ಲಿ ‘ಅವನು, ಅವಳು’. ಪಂಡಿತರೇ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. 1975ರ ಒಂದೇ ಸಂಪುಟದಲ್ಲಿ ಆರ್ಥರ್ ಕೇಪಲ್ ಇವನ್ನು ಪಶ್ಚಿಮ ಪಪುವನ್ ಎಂಬ ಬೇರೊಂದು ಗುಂಪಿನ ಜೊತೆಗಿಟ್ಟರೆ, ಸ್ಟೀಫನ್ ವುರ್ಮ್ ಮತ್ತು ಸಂಗಡಿಗರು ಟ್ರಾನ್ಸ್-ನ್ಯೂಗಿನಿಗೆ ಸೇರಿಸಿದರು. ಈ ಜಗಳವನ್ನು ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಲ್ಲ! ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ.

ನಂಟು ತೋರಿಸಲು ಪದಗಳು ಒಂದೇ ಥರ ಕೇಳಿಸಬೇಕಿಲ್ಲ, ವ್ಯತ್ಯಾಸ ಕ್ರಮಬದ್ಧವಾಗಿರಬೇಕು. ತಮಿಳಿನ ಪಾಲ್, ಪಲ್, ಪುಲಿ ನಮ್ಮಲ್ಲಿ ಹಾಲು, ಹಲ್ಲು, ಹುಲಿ ಆದದ್ದನ್ನು ಹೇಳಿ, ಓದುಗರಿಗೆ ತಟ್ಟನೆ ಹೊಳೆಯುತ್ತದೆ. ಆಮೇಲೆ ನಿಮ್ಮ ಪಟ್ಟಿಯ ಹಂದಿಯನ್ನು ಹಿಡಿಯಿರಿ: ಅಲ್ಲಿನದೇ ತೇಯ್ವಾ ನುಡಿಯಲ್ಲಿ ‘ಬಾಯ್’, ಅಬುಯಿಯಲ್ಲಿ ‘ಫೆ’, ಕಮಾಂಗ್‌ನಲ್ಲಿ ‘ಪೆ’. ಈ ಬ–ಫ–ಪ ಸಾಲು ಬೇರೆ ಪದಗಳಲ್ಲೂ ಮರುಕಳಿಸುತ್ತದೆ. 2012ರಲ್ಲಿ ಗ್ಯಾರಿ ಹೋಲ್ಟನ್, ಮರಿಯನ್ ಕ್ಲಾಮರ್ ಮೊದಲಾದವರು ಅಲೋರ್-ಪಂತಾರ್ ಒಂದೇ ಕುಟುಂಬವೆಂದು ಸ್ಥಾಪಿಸಿದ್ದು ಇಂಥ ಸಾಲುಗಳಿಂದಲೇ. ಪೂರ್ವ ಟಿಮೋರಿನ ಫತಲುಕು, ಮಕಸಾಯ್, ಬುನಾಕ್ ಕೂಡ ಇವುಗಳ ಬಳಗ. ಅದರಾಚೆಯ ನಂಟಿಗೆ ಇನ್ನೂ ಗಟ್ಟಿ ಪುರಾವೆಯಿಲ್ಲ. ನೀವೂ ಅಲ್ಲಿಗೇ ನಿಲ್ಲಿ.

ಆದರೆ ಹುಷಾರು. ಮೆಕ್ಕೆಜೋಳದ ಹೆಸರಲ್ಲೂ ಇದೇ ಬ–ಫ ಜೋಡಿ ಕಾಣುತ್ತದೆ. ಅದು ಅಮೆರಿಕದಿಂದ ಬಂದ ಬೆಳೆ, ಹಾಗಾಗಿ ಈ ಅರ್ಥದ ಪದ ಮೂಲನುಡಿಯಲ್ಲಿ ಇದ್ದಿರಲಾರದು. ಹೆಸರು ಆಸ್ಟ್ರೋನೇಷಿಯನ್ ನುಡಿಗಳ ಎರವಲು, ಆ ಕುಟುಂಬದ ಟಿಮೋರ್ ನುಡಿಯಾದ ಟೇಟುಮ್‌ನಲ್ಲಿ ಈಗಲೂ ‘ಬಟಾರ್’. ಹಳೆಯ ಎರವಲುಗಳೂ ಮನೆಮಕ್ಕಳ ವೇಷ ಹಾಕುತ್ತವೆ. ನಿಮ್ಮ ಪಟ್ಟಿಯಲ್ಲಿ ಈ ಪದ ಹಂದಿಯ ಪಕ್ಕದಲ್ಲೇ ಸಾಕ್ಷಿಯಾಗಿ ಕೂತಿದೆ. ಅದನ್ನು ಬೇರೆ ಪ್ಯಾರಾಕ್ಕೆ ತನ್ನಿ, ಲೇಖನದ ಅತ್ಯಂತ ಸ್ವಾರಸ್ಯದ ಭಾಗ ಅದೇ ಆದೀತು.

‘ಪಪುವನ್ ಕುಟುಂಬ’ ಎಂದು ಎಲ್ಲೆಲ್ಲೂ ಬರೆದಿದ್ದೀರಿ, ತಿದ್ದಿ. ಆ ಪ್ರದೇಶದಲ್ಲಿ ಆಸ್ಟ್ರೋನೇಷಿಯನ್ ಅಲ್ಲದ ನುಡಿಗಳಿಗೆಲ್ಲ ಇಟ್ಟ ಹೆಸರದು, ಹತ್ತಾರು ಕುಟುಂಬಗಳು ಅದರೊಳಗಿವೆ.

ಎಂಟುನೂರು ಪದದೊಳಗೆ ಬರೆದು ಕಳಿಸಿ. ನಕ್ಷೆ ಇರಲಿ, ಸೂರ್ಯಾಸ್ತದ ಫೋಟೊ ಬೇಡ.

— ಸಂಪಾದಕ