ಒಂದು ದಿನದ ಮಂಗಳೂರಿಗೆ 14 ಜಾಗ ಜಾಸ್ತಿಯಾಯಿತು

ನಮಸ್ಕಾರ,

ನೀವು ಕಳಿಸಿದ ‘ಒಂದು ದಿನದಲ್ಲಿ ಮಂಗಳೂರು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ಹಾಗಾಗಿ ಎಲ್ಲಿ ತೊಡಕಾಗಿದೆ ಅಂತ ನೇರವಾಗಿ ಹೇಳುತ್ತೇನೆ.

ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರೊಳಗೆ 14 ಜಾಗ ತುರುಕಿದ್ದೀರಿ. ಮಧ್ಯಾಹ್ನ 12ಕ್ಕೆ ಪಣಂಬೂರು ಬೀಚ್, ಎರಡಕ್ಕೆ ಕದ್ರಿ ದೇವಸ್ಥಾನ, ಸಂಜೆ ಮಲ್ಪೆ. ನಡುಹಗಲಿನ ಬಿಸಿಲಿಗೆ ಪಣಂಬೂರಿನ ಮರಳಿನ ಮೇಲೆ ಬರಿಗಾಲಿಡಲು ಆಗದು. ಮಧ್ಯಾಹ್ನದ ಪೂಜೆ ಮುಗಿದರೆ ದೇವಸ್ಥಾನಗಳು ಸಾಮಾನ್ಯವಾಗಿ ಬಾಗಿಲು ಹಾಕುತ್ತವೆ. ಮಲ್ಪೆ ಇರುವುದು ಉಡುಪಿಯ ಪಕ್ಕ, ಸುಮಾರು 60 ಕಿ.ಮೀ. ದೂರ. ಇಂಥ ಲೇಖನವನ್ನು ಜನ ಓದಿ ಸುಮ್ಮನಾಗುವುದಿಲ್ಲ. ಅದನ್ನು ನಂಬಿ ಮಕ್ಕಳನ್ನು, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಡುತ್ತಾರೆ. ಆ ಜವಾಬ್ದಾರಿ ನಮ್ಮಿಬ್ಬರದೂ.

ಬಿಸಿಲು ಮತ್ತು ಹಸಿವು, ಇವೆರಡನ್ನು ನೋಡಿಕೊಂಡು ದಿನವನ್ನು ಜೋಡಿಸಿ. ಬೆಳಗ್ಗೆ ತಂಪು ಹೊತ್ತಿಗೆ ಕದ್ರಿ. ನೀವು ‘ಪುರಾತನ ದೇವಾಲಯ’ ಅಂದು ಮುಗಿಸಿದ್ದೀರಿ. ಅಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಆಳುಪರ ದೊರೆ ಕುಂದವರ್ಮನ ಶಾಸನ ಅದರ ಪೀಠದಲ್ಲೇ ಇದೆ, ಕ್ರಿ.ಶ. 968ರದ್ದು. ಓದುಗರನ್ನು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ. ಬಿಸಿಲು ಏರಿದ ಮೇಲೆ ಸೂರಿನ ಕೆಳಗೆ ನೋಡುವ ಜಾಗ ಬೇಕು, ಅಲ್ವಾ? ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ ಅದಕ್ಕೇ ಸರಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅಲ್ಲಿ ಚಿತ್ರ ಬಿಡಿಸಿದರು, ಗೋಡೆಗಳಲ್ಲಿ ಹಸಿ ಗಾರೆಯ ಮೇಲೆ. ‘ಅದ್ಭುತ ಚಿತ್ರಗಳು’ ಅನ್ನುವುದನ್ನು ಹೊಡೆದುಹಾಕಿ, ಇದನ್ನು ಬರೆಯಿರಿ.

ಸಂಜೆಗೆ ತಣ್ಣೀರುಬಾವಿ ಬೀಚ್. ನೀವು ಕೂಳೂರು ಸೇತುವೆ ಸುತ್ತಿ ಟ್ಯಾಕ್ಸಿಯಲ್ಲಿ ಹೋಗಲು ಹೇಳಿದ್ದೀರಿ. ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಗುರುಪುರ ನದಿ ದಾಟಬಹುದು. ಟಿಪ್ಪು ಕಟ್ಟಿಸಿದ ಕಾವಲು ಬುರುಜನ್ನೂ ನೋಡಿದಂತಾಯಿತು. ವಾಪಸ್ ಬರುವ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕೇಳಿಕೊಳ್ಳಲು ತಿಳಿಸಿ.

ಊಟದ ಭಾಗ ನನಗೆ ಹೆಚ್ಚು ಬೇಸರ ತಂದಿತು. ‘ಬಾಯಲ್ಲಿ ನೀರೂರಿಸುವ’ ಅನ್ನುವ ಮಾತು ಆರು ಸಲ ಬಂದಿದೆ, ಕೋರಿ ರೊಟ್ಟಿ ಹೇಗಿರುತ್ತದೆ ಅಂತ ಒಂದು ಸಲವೂ ಬಂದಿಲ್ಲ. ತೆಳ್ಳಗಿನ ಗರಿಗರಿ ಅಕ್ಕಿ ರೊಟ್ಟಿಯನ್ನು ಮುರಿದು ಹಾಕಿ, ಮೇಲೆ ಬಿಸಿ ಕೋಳಿ ಸಾರು ಸುರಿಯುತ್ತಾರೆ. ಅರ್ಧ ನೆನೆದು ಅರ್ಧ ಗರಿಗರಿ ಇರುವಾಗಲೇ ತಿನ್ನಬೇಕು. ಹೊಸಬರು ಫೋಟೋ ತೆಗೆಯುತ್ತಾ ಕೂತರೆ ತಟ್ಟೆಯಲ್ಲಿ ಗಂಜಿಯೇ ಉಳಿಯುತ್ತದೆ. ಬನ್ಸ್ ಅಂದರೆ ಬೇಕರಿಯ ಬನ್ನಲ್ಲ, ಬಾಳೆಹಣ್ಣು ಕಿವುಚಿ ಮೈದಾ ಕಲಸಿ ಕರಿದದ್ದು ಅಂತ ಬಳ್ಳಾರಿಯ ಓದುಗರಿಗೆ ಯಾರು ಹೇಳಬೇಕು? ಸಸ್ಯಾಹಾರಿಗಳಿಗೆ ನೀರುದೋಸೆ, ಕೆಸುವಿನ ಎಲೆಯ ಪತ್ರೊಡೆ ಇದೆ. ಅವರನ್ನು ನೀವು ಮರೆತೇಬಿಟ್ಟಿದ್ದೀರಿ.

‘ವರ್ಷವಿಡೀ ತಾಜಾ ಮೀನು’ ಅಂತ ಬರೆದಿರುವುದು ತಪ್ಪು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಆಗ ನಾಡದೋಣಿಯವರು ತಂದಷ್ಟೇ ತಾಜಾ ಮೀನು. ಕಾಣೆ, ಅಂಜಲ್‌ಗೆ ರೇಟು ಏರುತ್ತದೆ. ಇದನ್ನು ಹೇಳಿದರೆ ನಿಮ್ಮ ಲೇಖನದ ತೂಕ ಹೆಚ್ಚುತ್ತದೆ.

ಇಷ್ಟೆಲ್ಲ ಹೇಳಿದರೂ ಈ ಲೇಖನ ನನ್ನ ಮೇಜಿನ ಮೇಲೆ ಉಳಿದದ್ದು ಒಂದು ಪ್ಯಾರಾದಿಂದ. ಗೋಲಿಬಜೆ ಬಿಡುವವರು ಕೈಯನ್ನು ನೀರಲ್ಲಿ ಅದ್ದಿ, ಹಿಟ್ಟನ್ನು ಹೆಬ್ಬೆರಳಿನ ಸಂದಿಯಿಂದ ಎಣ್ಣೆಗೆ ಜಾರಿಸುವುದನ್ನು ಬರೆದಿದ್ದೀರಲ್ಲ, ಅಲ್ಲಿ ನೀವು ನಿಂತು ನೋಡಿದ್ದು ಗೊತ್ತಾಗುತ್ತದೆ. ಉಳಿದದ್ದೆಲ್ಲ ಎಲ್ಲೋ ಓದಿ ಜೋಡಿಸಿದ ಹಾಗಿದೆ. ಆ ಪ್ಯಾರಾದ ಒಂದಕ್ಷರವನ್ನೂ ಬದಲಿಸಬೇಡಿ.

ಮಂಗಳಾದೇವಿ, ಸೋಮೇಶ್ವರ, ಕುದ್ರೋಳಿ ದೇವಸ್ಥಾನಗಳನ್ನು ಬಿಡಲು ಸಂಕಟವಾಗುತ್ತದೆ, ಗೊತ್ತು. ‘ಇನ್ನೊಂದು ದಿನ ಇದ್ದರೆ’ ಅಂತ ಕೊನೆಗೆ ಎರಡು ಸಾಲು ಸೇರಿಸಿ, ಸಾಕು. ಮೊದಲು ಈ ಕ್ರಮದಲ್ಲಿ ನೀವೇ ಒಂದು ದಿನ ಸಿಟಿ ಬಸ್ಸಲ್ಲಿ ಸುತ್ತಿ ಬನ್ನಿ. ಎಲ್ಲಿ ಎಷ್ಟು ಹೊತ್ತು ಹಿಡಿಯಿತು, ಬಸ್ಸಿಗೆ ಎಷ್ಟು ಕೊಟ್ಟಿರಿ ಅಂತ ಬರೆದಿಟ್ಟುಕೊಳ್ಳಿ. ಸೆಪ್ಟೆಂಬರ್ ಮೊದಲ ವಾರದೊಳಗೆ ಕಳಿಸಿದರೆ ದಸರಾ ರಜೆಗೆ ಹಾಕಬಹುದು. ಆಗ ಮಾತ್ರ ಕುದ್ರೋಳಿಯನ್ನು ಬಿಡುವ ಹಾಗಿಲ್ಲ. ಮಂಗಳೂರು ದಸರಾ ನಡೆಯುವುದೇ ಅಲ್ಲಿ, ರಾತ್ರಿಯ ಹೊತ್ತನ್ನು ಅದಕ್ಕೆ ಮೀಸಲಿಡಿ.

ಸಂಪಾದಕ