ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವ ಥಿಕ್‌ನೆಸ್ ಪ್ಲೇನರಿನಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಬಿಡುತ್ತಿದ್ದೇನೆ. ಅದು ಅರ್ಧಕ್ಕೇ ನಿಲ್ಲುತ್ತದೆ, ರೋಲರನ್ನು ಒತ್ತುವ ಸ್ಪ್ರಿಂಗ್ ಬಿಗಿ ಮಾಡಿದರೆ ಹಲಗೆ ಮೇಲೆ ರೋಲರಿನ ಹಲ್ಲಿನ ಗುರುತು ಬೀಳುತ್ತದೆ. ಏನು ಮಾಡಲಿ?

ಮೊದಲು ಆ ಸ್ಪ್ರಿಂಗ್‌ಗಳನ್ನು ಎಷ್ಟು ಸುತ್ತು ಬಿಗಿ ಮಾಡಿದ್ದೀರೋ ಅಷ್ಟೇ ಸುತ್ತು ಸಡಿಲಿಸಿಬಿಡಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಬಿಡುತ್ತಿದ್ದೇನೆ ಎಂದು ಬರೆದಿದ್ದೀರಲ್ಲ, ತೊಂದರೆ ಇರುವುದು ಬಹುಶಃ ಅಲ್ಲೇ. ಪೈನ್ ರಾಳ ಹೊಟ್ಟಿನ ಜೊತೆ ಸೇರಿ, ಹಲಗೆಯನ್ನು ಒಳಗೆ ಎಳೆದುಕೊಳ್ಳುವ ಮುಂದಿನ ರೋಲರಿನ ಹಲ್ಲುಗಳ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಹಲ್ಲು ಮುಚ್ಚಿಹೋದರೆ ರೋಲರ್ ಮರವನ್ನು ಹಿಡಿಯುವುದಿಲ್ಲ, ಜಾರುತ್ತದೆ. ನಾನೂ ಒಮ್ಮೆ ಹೀಗೇ ಸ್ಪ್ರಿಂಗ್‌ಗೆ ಕೈ ಹಾಕಿ ಸಾಗುವಾನಿಯ ನಾಲ್ಕು ಒಳ್ಳೆಯ ಪಟ್ಟಿಗಳನ್ನು ಹಾಳು ಮಾಡಿಕೊಂಡಿದ್ದೇನೆ. ಆ ನೋವು ಇನ್ನೂ ಹೋಗಿಲ್ಲ.

ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಹಲ್ಲಿನ ರೋಲರನ್ನು ಸೀಮೆಎಣ್ಣೆ ಅದ್ದಿದ ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನು ಹೊಟ್ಟಿನ ರಾಶಿಯ ಹತ್ತಿರ ಬಿಡಬೇಡಿ. ಹಿಂದಿನ ರೋಲರ್ ರಬ್ಬರಿನದಾಗಿದ್ದರೆ ಸೀಮೆಎಣ್ಣೆ, ಥಿನ್ನರ್ ಎರಡೂ ಬೇಡ, ಸ್ಪಿರಿಟ್ ಸಾಕು. ರಬ್ಬರ್ ಹೊಳೆಯುತ್ತಿದ್ದರೆ ನಯವಾದ ಸ್ಯಾಂಡ್‌ಪೇಪರ್ ಎರಡು ಸಲ ಆಡಿಸಿ. ಟೇಬಲ್‌ಗೆ ಮೇಣದಬತ್ತಿ ತಿಕ್ಕಿ ಒರೆಸಿ. ಸಿಲಿಕೋನ್ ಸ್ಪ್ರೇ ಹೊಡೆದರೆ ಆಮೇಲೆ ಮರಕ್ಕೆ ಪಾಲಿಶ್ ಸರಿಯಾಗಿ ಕೂರುವುದಿಲ್ಲ. ಹತ್ತರಲ್ಲಿ ಎಂಟು ಸಲ ಇಷ್ಟಕ್ಕೇ ಹಲಗೆ ಸಲೀಸಾಗಿ ಓಡುವುದನ್ನು ಕಂಡಿದ್ದೇನೆ.

ಆದರೂ ನಿಂತರೆ ರೋಲರಿನ ಎತ್ತರ ನೋಡಿ. ಮರ ಇಲ್ಲದಾಗ ಮುಂದಿನ ರೋಲರ್, ಬ್ಲೇಡಿನ ಅತಿ ಕೆಳಗಿನ ಬಿಂದುವಿಗಿಂತ ಅರ್ಧದಿಂದ ಒಂದು ಮಿ.ಮೀ. ಕೆಳಗಿರಬೇಕು. ನಿಮ್ಮ ಮೆಷಿನ್ನಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ನಾನು ಅಳೆಯುವುದು ಹಳೆಯ ಎಟಿಎಂ ಕಾರ್ಡಿನಿಂದ. ಅದರ ದಪ್ಪ 0.76 ಮಿ.ಮೀ., ಬ್ಲೇಡಿನ ಅಂಚನ್ನೂ ಕೆಡಿಸುವುದಿಲ್ಲ. ಚೌಕವಾಗಿ ಕೊಯ್ದ ಗಟ್ಟಿಮರದ ತುಂಡಿನ ಮೇಲೆ ಕಾರ್ಡ್ ಇಟ್ಟು, ಬ್ಲೇಡನ್ನು ಕೈಯಲ್ಲಿ ತಿರುಗಿಸುತ್ತಾ ಅದು ಕಾರ್ಡಿಗೆ ಸವರುವವರೆಗೆ ಟೇಬಲ್ ಏರಿಸಿ. ಈಗ ಕಾರ್ಡ್ ತೆಗೆದು, ಬರಿಯ ತುಂಡನ್ನು ರೋಲರಿನ ಕೆಳಗೆ ತನ್ನಿ. ಎಡಬದಿಯಲ್ಲೂ ಬಲಬದಿಯಲ್ಲೂ ಒಂದೇ ರೀತಿ ಮುಟ್ಟಬೇಕು. ಒಂದು ಬದಿ ಎತ್ತರವಿದ್ದರೆ ಹಲಗೆ ಓರೆಯಾಗಿ ಓಡುತ್ತದೆ.

ಟೇಬಲ್ಲಿನಲ್ಲಿ ಕೆಳರೋಲರ್ ಇದ್ದರೆ ಅದು ಮೇಲ್ಮೈಯಿಂದ 0.1 ಮಿ.ಮೀ.ನಷ್ಟು ಮಾತ್ರ ಎದ್ದಿರಲಿ. ಹೆಚ್ಚಾದರೆ ಹಲಗೆಯ ತುದಿಗಳು ಗುಳಿ ಬೀಳುತ್ತವೆ.

ಸ್ಪ್ರಿಂಗ್ ಸರದಿ ಕೊನೆಗೆ. ಒಂದು ಸಲಕ್ಕೆ ಕಾಲು ಸುತ್ತು, ಎರಡೂ ಬದಿಗೆ ಸಮನಾಗಿ. ಹಲಗೆಯನ್ನು ಕೊನೆಯ ಸಲ ಮೆಷಿನ್ನಿಗೆ ಬಿಡುವಾಗ ಒಂದು ಮಿ.ಮೀ. ಹತ್ತಿರ ತೆಗೆಯಿರಿ, ತೀರಾ ತೆಳ್ಳಗೆ ತೆಗೆದರೆ ಹಲ್ಲಿನ ಗುರುತಿನ ಆಳಕ್ಕೆ ಬ್ಲೇಡ್ ಮುಟ್ಟುವುದೇ ಇಲ್ಲ.