ಮೊದಲ ಸಲ ಸಿಗುವ ಹೆಸರು ಎರಡನೇ ಸಲ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಅಪ್ಪನದು ಕಿರಾಣಿ ಅಂಗಡಿ. ಉದ್ರಿ ಲೆಕ್ಕವನ್ನು ಒಂದು ಟೆಕ್ಸ್ಟ್ ಫೈಲ್‌ಗೆ ಹಾಕಿದ್ದೇನೆ. ಸಾಲಿಗೊಬ್ಬರು: ಹೆಸರು, ಕಾಮಾ, ಬಾಕಿ. ಹೆಸರು ಕೇಳಿ ಬಾಕಿ ತೋರಿಸಲು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದೆ. ಫೈಲನ್ನು ಶುರುವಿನಲ್ಲೇ ಓಪನ್ ಮಾಡಿ, ಕೆಳಗೆ ಮತ್ತೆ ಮತ್ತೆ ಹೆಸರು ಕೇಳುವ ವೈಲ್ ಲೂಪ್, ಅದರ ಒಳಗೆ ಫೈಲಿನ ಒಂದೊಂದೇ ಸಾಲು ನೋಡುವ ಫಾರ್ ಲೂಪ್ ಇಟ್ಟಿದ್ದೇನೆ. ಮೊದಲು ಕೇಳಿದ ಹೆಸರು ಸಿಗುತ್ತದೆ. ಎರಡನೆಯದಕ್ಕೆ ಏನೂ ಬರುವುದಿಲ್ಲ, ಎರರ್ ಕೂಡ ಇಲ್ಲ. ಮುಚ್ಚಿ ಮತ್ತೆ ರನ್ ಮಾಡಿದರೆ ಅದೇ ಹೆಸರು ಸಿಗುತ್ತದೆ! ಇನ್ನೊಂದು ತೊಂದರೆ: 'ರಾಮ' ಎಂದರೆ ರಾಮಣ್ಣನ ಬಾಕಿಯೂ ಬರುತ್ತದೆ.

ಉತ್ತರ: ಮತ್ತೆ ರನ್ ಮಾಡಿದರೆ ಸಿಗುತ್ತದೆ ಎಂದಿರಲ್ಲ, ಕಳ್ಳ ಅಲ್ಲೇ ಸಿಕ್ಕಿಬಿದ್ದ. ಈ ತೊಂದರೆಗೆ ಹುಡುಕುವ ಕೋಡ್ ಕಾರಣವಲ್ಲ. ಎರಡನೇ ಸಲ ಹುಡುಕಲು ಅದಕ್ಕೆ ಏನೂ ಉಳಿದಿಲ್ಲ, ಅಷ್ಟೆ.

ಓಪನ್ ಮಾಡಿದ ಫೈಲ್‌ಗೆ ಎಲ್ಲಿಯವರೆಗೆ ಓದಿದೆ ಎಂಬ ಗುರುತು ಇರುತ್ತದೆ. ಫಾರ್ ಲೂಪ್ ಒಂದೊಂದು ಸಾಲು ಓದಿದಂತೆ ಗುರುತು ಮುಂದೆ ಹೋಗುತ್ತದೆ. ಲೂಪ್ ಮುಗಿದಾಗ ಅದು ಫೈಲ್‌ನ ಕೊನೆಯಲ್ಲಿರುತ್ತದೆ. ಅದು ತಾನಾಗಿ ಹಿಂದೆ ಬರುವುದಿಲ್ಲ. ಎರಡನೇ ಫಾರ್ ಲೂಪ್ ಅಲ್ಲಿಂದಲೇ ಶುರು ಮಾಡುತ್ತದೆ, ಒಂದೂ ಸಾಲು ಸಿಗದೆ ಸುಮ್ಮನೆ ಹೊರಬರುತ್ತದೆ. ಸೊನ್ನೆ ಸಾಲು ಓದುವುದು ಪೈಥಾನ್ ಲೆಕ್ಕದಲ್ಲಿ ತಪ್ಪೇ ಅಲ್ಲ. ಹಾಗಾಗಿ ಎರರ್ ಇಲ್ಲ.

ನನ್ನ ಮಾತನ್ನು ಸುಮ್ನೆ ನಂಬಬೇಡಿ. ಫಾರ್ ಲೂಪ್‌ಗೆ ಮೊದಲು ಒಂದು ಎಣಿಕೆಯನ್ನು ಸೊನ್ನೆ ಮಾಡಿ, ಒಳಗೆ ಒಂದೊಂದೇ ಕೂಡಿಸಿ, ಮುಗಿದ ಮೇಲೆ ಪ್ರಿಂಟ್ ಮಾಡಿ. ಫೈಲ್‌ನಲ್ಲಿ 40 ಸಾಲಿದ್ದರೆ ಮೊದಲ ಸಲ 40, ಎರಡನೇ ಸಲ 0 ಬರುತ್ತದೆ. ಹೆಸರು ಸಿಕ್ಕ ಕೂಡಲೇ ಲೂಪನ್ನು ಅಲ್ಲೇ ನಿಲ್ಲಿಸುವ ಬ್ರೇಕ್ ಹಾಕಿದ್ದರೆ ಆಟ ಇನ್ನೂ ಮಜವಾಗಿರುತ್ತಿತ್ತು: ಗುರುತು ನಡುವೆ ನಿಲ್ಲುತ್ತದೆ, ಕೆಳಗಿನ ಗಿರಾಕಿಗಳು ಸಿಗುತ್ತಾರೆ, ಮೇಲಿನವರು ಸಿಗುವುದಿಲ್ಲ. ಅಂಥ ಬಗ್ ಹಿಡಿಯಲು ಇಡೀ ದಿನ ಹೋಗುತ್ತದೆ.

ಸುಲಭದ ಮದ್ದು, ಫಾರ್ ಲೂಪ್‌ಗೆ ಮೊದಲು ಸೀಕ್(0) ಬರೆಯುವುದು. ಗುರುತು ಮೊದಲಿಗೆ ಬರುತ್ತದೆ. ಆದರೆ ಅಂಗಡಿಯ ಲೆಕ್ಕ ಎಷ್ಟು ದೊಡ್ಡದಿದ್ದೀತು? ಶುರುವಿನಲ್ಲೇ ಎಲ್ಲ ಸಾಲುಗಳನ್ನು ಒಂದು ಲಿಸ್ಟ್‌ಗೆ ತುಂಬಿ ಫೈಲ್ ಮುಚ್ಚಿಬಿಡಿ ಎಂದೇ ನಾನು ಹೇಳುತ್ತೇನೆ. ಲಿಸ್ಟ್‌ನಲ್ಲಿ ಎಷ್ಟು ಸಲ ಬೇಕಾದರೂ ಹುಡುಕಬಹುದು. ಒಂದೇ ತಕರಾರು: ಪ್ರೋಗ್ರಾಂ ಓಡುತ್ತಿರುವಾಗಲೇ ಅಪ್ಪ ನೋಟ್‌ಪ್ಯಾಡ್‌ನಲ್ಲಿ ಹೊಸ ಬಾಕಿ ಬರೆದರೆ ಲಿಸ್ಟ್‌ಗೆ ಅದು ಗೊತ್ತಾಗುವುದಿಲ್ಲ. ಹಾಗೆ ಮಾಡುವವರಾದರೆ ಪ್ರತಿ ಹುಡುಕಾಟಕ್ಕೂ ಫೈಲನ್ನು ಹೊಸದಾಗಿ ಓಪನ್ ಮಾಡಿ, ಕೆಲಸ ಮುಗಿದೊಡನೆ ಫೈಲನ್ನು ತಾನೇ ಮುಚ್ಚುವ 'ವಿತ್' ಒಳಗೆ.

ರಾಮ, ರಾಮಣ್ಣನ ವಿಷಯ. ನೀವು ಬಳಸಿರುವುದು 'ಇನ್' ಇರಬೇಕು. ಅದು ಸಾಲಿನಲ್ಲಿ ಎಲ್ಲಿದ್ದರೂ ಹೌದು ಎನ್ನುತ್ತದೆ, ಸೀತಾರಾಮನೂ ಬರುತ್ತಾನೆ. ಸಾಲನ್ನು ಕಾಮಾ ಇರುವಲ್ಲಿ ಸ್ಪ್ಲಿಟ್ ಮಾಡಿ, ಎರಡೂ ತುಂಡಿಗೆ ಸ್ಟ್ರಿಪ್ ಹಾಕಿ, ಹೆಸರನ್ನು ಮಾತ್ರ ಎರಡು ಸಮ ಚಿಹ್ನೆಯಿಂದ ಹೋಲಿಸಿ. ಸ್ಟ್ರಿಪ್ ಮರೆತರೆ ಕಾಮಾ ಅಕ್ಕಪಕ್ಕದ ಸ್ಪೇಸ್, ಸಾಲಿನ ಕೊನೆಯ ಎಂಟರ್ ಎಲ್ಲ ಹಾಗೇ ಅಂಟಿಕೊಂಡಿರುತ್ತವೆ.

ಕನ್ನಡದಲ್ಲೇ ಹೆಸರು ಬರೆದಿದ್ದೀರಲ್ಲ, ಇದನ್ನೂ ಹೇಳಿಬಿಡುತ್ತೇನೆ. ಗೋಪಾಲದ ಓತ್ವ, ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇರಬಹುದು, ಮೂರು ತುಂಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಗೋಪಾಲನೇ, ಪೈಥಾನ್‌ಗೆ ಬೇರೆ ಬೇರೆ. ಉದ್ದ ಕೇಳಿದರೆ ಒಂದಕ್ಕೆ 5, ಇನ್ನೊಂದಕ್ಕೆ 7 ಎನ್ನುತ್ತದೆ. ಬೇರೆ ಕಡೆಯಿಂದ ಕಾಪಿ ಮಾಡಿದ ಹೆಸರು ಸಿಗದಿದ್ದರೆ ಎರಡೂ ಕಡೆ ಯೂನಿಕೋಡ್‌ಡೇಟಾದ ನಾರ್ಮಲೈಸ್ ಬಳಸಿ, ಎನ್‌ಎಫ್‌ಸಿ ಎಂದು ಕೊಡಿ; ತುಂಡುಗಳು ಸೇರಿ ಒಂದೇ ಸಂಕೇತವಾಗುತ್ತವೆ.

ಓಪನ್ ಮಾಡುವಾಗ, ಅಕ್ಷರಗಳನ್ನು ಫೈಲಿನಲ್ಲಿ ಉಳಿಸಿದ ಬಗೆ, ಅಂದರೆ ಎನ್‌ಕೋಡಿಂಗ್ ಕೂಡ ಬರೆಯಿರಿ: ಯುಟಿಎಫ್-8. ಎಲ್ಲ ಸರಿ ಇದ್ದೂ ಮೊದಲ ಸಾಲಿನ ಗಿರಾಕಿ ಮಾತ್ರ ಸಿಗುತ್ತಿಲ್ಲವೇ? ಫೈಲ್‌ನ ತಲೆಯಲ್ಲಿ ಹಳೆಯ ನೋಟ್‌ಪ್ಯಾಡ್ ಸೇರಿಸಿದ ಕಣ್ಣಿಗೆ ಕಾಣದ ಗುರುತೊಂದು ಕೂತಿರಬಹುದು. ಆಗ ಯುಟಿಎಫ್-8-ಸಿಗ್ ಎಂದು ಬರೆದು ನೋಡಿ.